ಡಬ್ಲ್ಯೂ ಅರ್ಧ ಒತ್ತಿದರೂ ಫುಲ್ ರೇಸ್: ಅನಲಾಗ್ ಕೀಬೋರ್ಡ್ ಸೆಟ್ಟಿಂಗ್ ಬಗ್ಗೆ

ಘಾಟಿರಸ್ತೆ:

ಎಲ್ಲರಿಗೂ ನಮಸ್ಕಾರ. ನನ್ನದು ಹಾಲ್ ಎಫೆಕ್ಟ್ (ಕಾಂತದ) ಸ್ವಿಚ್ ಇರುವ, ಕೀ ಎಷ್ಟು ಒತ್ತಿದ್ದೇವೆ ಎಂಬುದನ್ನೂ ಗುರುತಿಸುವ ಚಿಕ್ಕ ಗಾತ್ರದ (60%) ಅನಲಾಗ್ ಕೀಬೋರ್ಡ್, ಕೀ ಪ್ರಯಾಣ 4.0 ಮಿ.ಮೀ., ವಿಂಡೋಸ್ 11, ಹಬ್ ಇಲ್ಲದೆ ನೇರ ಯುಎಸ್‌ಬಿ. ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2, ಜಿಟಿಎ 5 ಮತ್ತು ಕೌಂಟರ್ ಸ್ಟ್ರೈಕ್ 2.

ಕೀಬೋರ್ಡ್‌ನ ತಂತ್ರಾಂಶದಲ್ಲಿ ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಆಯ್ಕೆ ಆನ್ ಮಾಡಿ ಡಬ್ಲ್ಯೂ ಕೀಗೆ ಬಲ ಟ್ರಿಗರ್ (ಪ್ಯಾಡಿನ ತೋರುಬೆರಳಿನ ಗುಂಡಿ), ಎಸ್ ಕೀಗೆ ಎಡ ಟ್ರಿಗರ್, ಎ ಮತ್ತು ಡಿ ಕೀಗಳಿಗೆ ಎಡ ಸ್ಟಿಕ್‌ನ ಅಡ್ಡ ಅಕ್ಷ ಕೊಟ್ಟಿದ್ದೇನೆ. ತೊಂದರೆಗಳು ಇವು:

1. ಟ್ರಕ್ಕಿನಲ್ಲಿ ಡಬ್ಲ್ಯೂ ಸ್ವಲ್ಪ ಒತ್ತಿದರೂ ಪೂರ್ತಿ ರೇಸ್ ಕೊಟ್ಟ ಹಾಗೆ ಆಗುತ್ತದೆ.
2. ಸ್ಟೀರಿಂಗ್ ಮೊದಲ ಕಾಲು ಭಾಗ ಅಲುಗಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ.
3. ಪರದೆಯ ಮೇಲಿನ ಬಟನ್ ಗುರುತುಗಳು ಕೀಬೋರ್ಡ್‌ಗೂ ಗೇಮ್‌ಪ್ಯಾಡ್‌ಗೂ ಸುಮ್ಮನೆ ಹಿಂದೆ ಮುಂದೆ ಆಗುತ್ತಿರುತ್ತವೆ, ಕೀ ಮುಟ್ಟದಿದ್ದರೂ.
4. ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರೀಕ್ಷೆಯಲ್ಲಿ ಡಬ್ಲ್ಯೂ ಮತ್ತು ಎಸ್ ಎರಡೂ ಒಂದೇ ಪಟ್ಟಿಯನ್ನು ಅಲುಗಾಡಿಸುತ್ತವೆ. ಎರಡನ್ನೂ ಒತ್ತಿದರೆ ಸೊನ್ನೆ.
5. ಸದ್ದು ಕಡಿಮೆಯಾಗಲೆಂದು ಈ ನಾಲ್ಕು ಕೀಗಳಿಗೆ ಓ-ರಿಂಗ್ (ರಬ್ಬರ್ ಬಳೆ) ಹಾಕಿದೆ. ಈಗ ಎಷ್ಟು ಒತ್ತಿದರೂ 91% ಆಸುಪಾಸಿನಲ್ಲೇ ನಿಲ್ಲುತ್ತವೆ.

ಇನ್ನೊಂದು ಮೂಲಭೂತ ಸಂದೇಹ: ಇದು ನಿಜವಾಗಿ ಒತ್ತಡ ಅಳೆಯುತ್ತದೆಯೋ, ಆಳ ಅಳೆಯುತ್ತದೆಯೋ? ಕೌಂಟರ್ ಸ್ಟ್ರೈಕ್‌ಗೂ ಇದೇ ಪ್ರೊಫೈಲ್ ನಡೆಯುತ್ತದೆಯೇ?


ಸ್ಪ್ರಿಂಗ್_ಲೆಕ್ಕ:

ಕೊನೆಯ ಸಂದೇಹದಿಂದಲೇ ಶುರು ಮಾಡ್ತೀನಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇದು ಅಳೆಯೋದು ಆಳವನ್ನ. ಕೀ ಕಾಂಡದ ಬುಡದಲ್ಲಿ ಪುಟ್ಟ ಕಾಂತ ಇದೆ, ಕೆಳಗೆ ಬೋರ್ಡಿನಲ್ಲಿ ಹಾಲ್ ಸೆನ್ಸರ್. ಕಾಂತ ಹತ್ತಿರ ಬಂದಷ್ಟೂ ಸೆನ್ಸರ್ ವೋಲ್ಟೇಜ್ ಬದಲಾಗುತ್ತೆ, ಫರ್ಮ್‌ವೇರ್ (ಕೀಬೋರ್ಡಿನೊಳಗಿನ ತಂತ್ರಾಂಶ) ಅದನ್ನ ಮಿ.ಮೀ. ಲೆಕ್ಕಕ್ಕೆ ತಿರುಗಿಸುತ್ತೆ. ಅಷ್ಟೇ. ನಿಜವಾದ ಒತ್ತಡ ಅಳೆಯೋ ಗುಂಡಿಗಳು ಬೇರೆ ಜಾತಿ. 2000ದಲ್ಲಿ ಪ್ಲೇಸ್ಟೇಷನ್ 2 ಜೊತೆ ಬಂದ ಡ್ಯುಯಲ್‌ಶಾಕ್ 2 ಗುಂಡಿಗಳು ಹಾಗಿದ್ದವು. 2009ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಒತ್ತಡ ಗ್ರಹಿಸುವ ಕೀಬೋರ್ಡ್‌ನ ಮಾದರಿ ತೋರಿಸಿದ್ದರು. ಈಗ ಅಂಗಡಿಯಲ್ಲಿ ಅನಲಾಗ್ ಅಂತ ಸಿಗೋದು ಹೆಚ್ಚೂಕಡಿಮೆ ಎಲ್ಲವೂ ಆಳದ ಲೆಕ್ಕದವೇ.

ಈ ವ್ಯತ್ಯಾಸ ಬೆರಳಿಗೆ ಯಾಕೆ ಮುಖ್ಯ ಅಂದ್ರೆ, ನಮ್ಮ ಬೆರಳಿಗೆ ಆಳ ಸರಿಯಾಗಿ ಗೊತ್ತಾಗಲ್ಲ, ಗೊತ್ತಾಗೋದು ಎದುರು ಒತ್ತೋ ಸ್ಪ್ರಿಂಗ್. ಮೇಲೆ 40 ಗ್ರಾಂ, ತಳದಲ್ಲಿ 60 ಗ್ರಾಂ ಇರೋ ಸ್ಪ್ರಿಂಗ್ ತಗೊಳ್ಳಿ. 4 ಮಿ.ಮೀ. ಪ್ರಯಾಣದಲ್ಲಿ ಏರಿದ್ದು 20 ಗ್ರಾಂ, ಅಂದ್ರೆ ಒಂದು ಮಿ.ಮೀ.ಗೆ ಬರೀ 5 ಗ್ರಾಂ. ಅರ್ಧ ಒತ್ತಿ ಹಿಡಿದಿದ್ದೀನಾ, ಮುಕ್ಕಾಲು ಒತ್ತಿದ್ದೀನಾ ಅನ್ನೋದು ಅಷ್ಟರಲ್ಲಿ ತಿಳಿಯೋದು ಕಷ್ಟ. ಅದೇ 40ರಿಂದ 80ಕ್ಕೆ ಏರೋ ಸ್ಪ್ರಿಂಗ್ ಹಾಕಿದ್ರೆ ಮಿ.ಮೀ.ಗೆ 10 ಗ್ರಾಂ ಆಗುತ್ತೆ, ಹಿಡಿತ ಬೇಗ ಬರುತ್ತೆ. ಡ್ರೈವಿಂಗ್‌ಗೇ ಹೆಚ್ಚು ಬಳಸೋರು ಈ ನಾಲ್ಕು ಕೀಗಳಿಗೆ ಮಾತ್ರ ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡರೆ ಸಾಕು. ಸೆಟ್ಟಿಂಗ್‌ನಲ್ಲಿ ಎಷ್ಟು ತಿದ್ದಿದರೂ ಸಿಗದ ಸುಧಾರಣೆ ಅದರಲ್ಲಿ ಸಿಗುತ್ತೆ.

ಈಗ ನಿಮ್ಮ 1ನೇ ತೊಂದರೆ. ಇದು ಎಲ್ಲರಿಗೂ ಆಗೋದೇ. ನೀವು ಡಬ್ಲ್ಯೂ ಕೀಗೆ ಬಲ ಟ್ರಿಗರ್ ಕೊಟ್ಟಿದ್ದೀರಿ, ಆದ್ರೆ ಅದೇ ಕೀ ಮಾಮೂಲಿ ಡಬ್ಲ್ಯೂ ಅಕ್ಷರವನ್ನೂ ಕಳಿಸ್ತಾ ಇದೆ. ಆಟಕ್ಕೆ ಒಂದು ಕಡೆ ಟ್ರಿಗರ್ 30% ಅಂತ ಬರುತ್ತೆ, ಇನ್ನೊಂದು ಕಡೆ ಕೀಬೋರ್ಡ್‌ನಿಂದ ವೇಗ ಹೆಚ್ಚಿಸು ಅಂತ ಬರುತ್ತೆ. ಕೀಬೋರ್ಡ್ ಕೀ ಅಂದ್ರೆ 0 ಇಲ್ಲವೇ 100. ಎರಡರಲ್ಲಿ ದೊಡ್ಡದು ಗೆಲ್ಲುತ್ತೆ, ನೂರೇ ಗೆಲ್ಲುತ್ತೆ. ಎರಡು ದಾರಿ ಇದೆ: ಆ ಪ್ರೊಫೈಲ್‌ನಲ್ಲಿ ಗೇಮ್‌ಪ್ಯಾಡ್‌ಗೆ ಕೊಟ್ಟ ಕೀಗಳ ಕೀಬೋರ್ಡ್ ಔಟ್‌ಪುಟ್ ನಿಲ್ಲಿಸೋ ಆಯ್ಕೆ ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ಆಟದೊಳಗೆ ಕೀ ಪಟ್ಟಿಗೆ ಹೋಗಿ ವೇಗ, ಬ್ರೇಕ್, ಎಡ, ಬಲ ಈ ನಾಲ್ಕರಿಂದ ಡಬ್ಲ್ಯೂ, ಎಸ್, ಎ, ಡಿ ಅಳಿಸಿ. ಬಾಣದ ಕೀಗಳು ಎರಡನೇ ಆಯ್ಕೆಯಾಗಿ ಇದ್ದರೆ ಇರಲಿ, ತೊಂದರೆ ಇಲ್ಲ. ಪರೀಕ್ಷೆ ಸುಲಭ: ಖಾಲಿ ನೋಟ್‌ಪ್ಯಾಡ್ ತೆರೆದು ಡಬ್ಲ್ಯೂ ಒತ್ತಿ. ಅಕ್ಷರ ಬಿತ್ತು ಅಂದ್ರೆ ಎರಡೂ ಹೋಗ್ತಾ ಇವೆ.

2ನೇದು ಡೆಡ್‌ಝೋನ್, ಅಂದ್ರೆ ಒತ್ತಿದರೂ ಆಟ ಲೆಕ್ಕಕ್ಕೆ ತಗೊಳ್ಳದ ಮೊದಲ ಭಾಗ. ಎಕ್ಸ್‌ಇನ್‌ಪುಟ್‌ನಲ್ಲಿ (ವಿಂಡೋಸ್ ಆಟಗಳು ಎಕ್ಸ್‌ಬಾಕ್ಸ್ ಪ್ಯಾಡ್ ಓದೋ ವಿಧಾನ) ಎಡ ಸ್ಟಿಕ್ ಒಂದು ಬದಿಗೆ 32767 ವರೆಗೆ ಹೋಗುತ್ತೆ. ಆಟ ಬರೆಯೋರಿಗೆ ಮೈಕ್ರೋಸಾಫ್ಟ್ ಕೊಟ್ಟಿರೋ ಡೆಡ್‌ಝೋನ್ ಸಂಖ್ಯೆ 7849. ಭಾಗಿಸಿದರೆ ಸುಮಾರು 24%. ಇದನ್ನ ಹಾಗೇ ಬಳಸೋ ಆಟದಲ್ಲಿ ನಿಮ್ಮ 4.0 ಮಿ.ಮೀ. ಕೀಯ ಮೊದಲ 0.96 ಮಿ.ಮೀ. ವ್ಯರ್ಥ. ಟ್ರಿಗರ್‌ಗೆ ಅದು 255ರಲ್ಲಿ 30, ಅಂದ್ರೆ ಸುಮಾರು 12%, ಅರ್ಧ ಮಿ.ಮೀ. ಹತ್ತಿರ. ಸ್ಟಿಕ್‌ಗೆ ಈ ಡೆಡ್‌ಝೋನ್ ಬೇಕೇ ಬೇಕು, ಅದು ನಡುವಿಗೆ ಸರಿಯಾಗಿ ಮರಳಲ್ಲ. ಕೀ ಹಾಗಲ್ಲ, ಸ್ಪ್ರಿಂಗ್ ಅದನ್ನ ಮೇಲಕ್ಕೆ ತಂದು ನಿಲ್ಲಿಸುತ್ತೆ. ಅದಕ್ಕೇ ಆಟದಲ್ಲಿ ಡೆಡ್‌ಝೋನ್ ಪಟ್ಟಿ ಇದ್ದರೆ ಸೊನ್ನೆ ಮಾಡಿ, ಕೀಬೋರ್ಡ್ ಕಡೆ ಮಾತ್ರ 0.3 ಮಿ.ಮೀ. ಇಡಿ. ಕೀಬೋರ್ಡ್, ಸ್ಟೀಮ್ (ಆಟ ತೆರೆಯೋ ತಂತ್ರಾಂಶ), ಆಟ, ಈ ಮೂರು ಕಡೆಯೂ ಒಂದೊಂದು ಡೆಡ್‌ಝೋನ್ ಇರುತ್ತೆ. ಒಂದರ ಮೇಲೊಂದು ಕೂತರೆ ನೀವು ಹೇಳಿದ ಹಾಗೇ ಆಗೋದು. ಸ್ಟೀಮ್‌ನಲ್ಲಿ ಆಟದ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಟ್ರೋಲರ್, ಅಲ್ಲಿ ಸ್ಟೀಮ್ ಇನ್‌ಪುಟ್ ಆಫ್ ಮಾಡಿ.

ವಕ್ರರೇಖೆಗೆ (ಎಷ್ಟು ಆಳಕ್ಕೆ ಎಷ್ಟು ಶೇಕಡಾ ಅನ್ನೋ ಗೆರೆಗೆ) ನಾನು ಹೇಳೋ ಅಂಕಿಗಳು, ಡೆಡ್‌ಝೋನ್ ಸೊನ್ನೆ ಮಾಡಿದ ಆಟಕ್ಕೆ:

ಸ್ಟೀರಿಂಗ್: 0.3 ಮಿ.ಮೀ.ಗೆ 0%, 1.5ಕ್ಕೆ 12%, 2.5ಕ್ಕೆ 32%, 3.2ಕ್ಕೆ 60%, 3.7ಕ್ಕೆ 100%.
ವೇಗ ಮತ್ತು ಬ್ರೇಕ್: 0.3ಕ್ಕೆ 0%, 2.0ಕ್ಕೆ 50%, 3.6ಕ್ಕೆ 100%, ಹೆಚ್ಚೂಕಡಿಮೆ ನೇರ ಗೆರೆ.

ಆಟದಲ್ಲಿ 24% ಡೆಡ್‌ಝೋನ್ ತೆಗೆಯೋಕೆ ಆಗಲ್ಲ ಅಂದ್ರೆ ಸ್ಟೀರಿಂಗ್ ರೇಖೆಯನ್ನ ಅಷ್ಟೂ ಮೇಲೆತ್ತಿ: 0.3ಕ್ಕೆ 24%, 1.5ಕ್ಕೆ 33%, 2.5ಕ್ಕೆ 48%, 3.2ಕ್ಕೆ 70%, 3.7ಕ್ಕೆ 100%. ಆಗ ಸತ್ತ ಭಾಗವನ್ನ ಕೀ ಒಂದೇ ನೆಗೆತಕ್ಕೆ ದಾಟುತ್ತೆ, ಬೆರಳಿಗೆ ಪೂರ್ತಿ ಪ್ರಯಾಣ ಉಳಿಯುತ್ತೆ.

4ನೇದು ದೋಷವೇ ಅಲ್ಲ. ವಿಂಡೋಸ್‌ನ ಆ ಹಳೇ ಪರೀಕ್ಷಾ ಕಿಟಕಿ ಡೈರೆಕ್ಟ್‌ಇನ್‌ಪುಟ್ ಅನ್ನೋ ಹಳೇ ವಿಧಾನದ ಮೂಲಕ ನೋಡುತ್ತೆ, ಅಲ್ಲಿ ಎಕ್ಸ್‌ಬಾಕ್ಸ್ ಪ್ಯಾಡ್‌ನ ಎರಡು ಟ್ರಿಗರ್‌ಗಳು ಒಂದೇ ಝಡ್ ಅಕ್ಷದಲ್ಲಿ ಸೇರಿಕೊಂಡಿವೆ. ಎರಡೂ ಒತ್ತಿದರೆ ಒಂದನ್ನೊಂದು ಕಳೆದು ನಡುವಿಗೆ ಬರುತ್ತೆ. ಬ್ರೌಸರ್‌ನಲ್ಲಿ ಯಾವುದಾದರೂ ಗೇಮ್‌ಪ್ಯಾಡ್ ಪರೀಕ್ಷಾ ಪುಟ ತೆರೆಯಿರಿ, ಎರಡೂ ಬೇರೆ ಬೇರೆ ಕಾಣಿಸುತ್ತವೆ. ಆದ್ರೆ ಆಟವೇ ಡೈರೆಕ್ಟ್‌ಇನ್‌ಪುಟ್ ಮೂಲಕ ಓದಿದರೆ ರೇಸ್ ಮತ್ತು ಬ್ರೇಕ್ ಒಟ್ಟಿಗೆ ಕೊಡೋಕೆ ಆಗಲ್ಲ, ಅದು ನೆನಪಿರಲಿ.


ಬಿಸಿಲೂರ_ಕಾಂತ:

ನಿಮ್ಮ 5ನೇ ತೊಂದರೆಗೆ ನಾ ಹೇಳ್ತೀನಿ. ಸ್ವಿಚ್ ಕೆಟ್ಟಿಲ್ಲ ರೀ, ಓ-ರಿಂಗ್ ನಿಮ್ಮ ಪ್ರಯಾಣ ತಿಂದದ. 4.0ರಾಗ 91% ಅಂದ್ರ 3.64 ಮಿ.ಮೀ. ಉಳಿದದ್ದು ರಬ್ಬರಿನ ದಪ್ಪ. ಕೀಬೋರ್ಡಿಗೆ ತಳ ಎಲ್ಲಿ ಅನ್ನೋದು ಹಳೇ ಲೆಕ್ಕಾನೇ ನೆನಪದ. ರಿಂಗ್ ಇರಲಿ ಅಂದ್ರ ಮತ್ತೊಮ್ಮೆ ಕ್ಯಾಲಿಬ್ರೇಷನ್ (ಮ್ಯಾಲಿನ ತುದಿ, ತಳ ಎಲ್ಲಿ ಅಂತ ಕೀಬೋರ್ಡಿಗೆ ಕಲಿಸೋದು) ಮಾಡ್ರಿ. ಬ್ಯಾಡ ಅಂದ್ರ ರಿಂಗ್ ತಗದು ಮಾಡ್ರಿ. ನನ್ನ ಕೇಳಿದ್ರ ತಗೀರಿ. ರಬ್ಬರು ಮೆತ್ತಗ ಇರ್ತದ, ಜೋರಾಗಿ ಒತ್ತಿದಾಗ ಒಂದು ತಳ, ಹಗೂರಕ ಒತ್ತಿದಾಗ ಇನ್ನೊಂದು ತಳ. ಅನಲಾಗ್ ಕೀಗೆ ತಳ ಗಟ್ಟಿ ಇರಬೇಕು.

ಕ್ಯಾಲಿಬ್ರೇಷನ್ ಮಾಡೋ ರೀತಿ: ಮೊದಲು ಫರ್ಮ್‌ವೇರ್ ಹೊಸದು ಹಾಕ್ರಿ, ಯಾಕಂದ್ರ ಕೆಲವು ಕೀಬೋರ್ಡಿನಾಗ ಫರ್ಮ್‌ವೇರ್ ಬದಲಾದ ಮ್ಯಾಲೆ ಹಳೇ ಕ್ಯಾಲಿಬ್ರೇಷನ್ ಅಳಿಸಿ ಹೋಗ್ತದ. ಕೀಬೋರ್ಡು ಸಮತಟ್ಟಾದ ಮೇಜಿನ ಮ್ಯಾಲೆ ಇಡ್ರಿ, ಕೈ ಪೂರ್ತಿ ತಗೀರಿ, ಆಮ್ಯಾಲೆ ಶುರು ಒತ್ತರಿ. ಬೆರಳು ಕೀ ಮ್ಯಾಲೆ ಇದ್ದಾಗ ಶುರು ಮಾಡಿದ್ರ ಆ ಕೀಯ ಸೊನ್ನೆ ಕೆಳಗ ಕೂತಬಿಡ್ತದ. ಒಂದೊಂದು ಕೀ ನಿಧಾನಕ ತಳದ ತನಕ ಒತ್ತಿ ಅರ್ಧ ಸೆಕೆಂಡು ಹಿಡೀರಿ, ಬಿಡ್ರಿ, ಮೂರು ಸಲ. ಕುಟ್ಟಬ್ಯಾಡ್ರಿ. ಸ್ಪೇಸ್ ಬಾರ್ ಅಂಥ ಉದ್ದ ಕೀ ನಟ್ಟನಡುವ ಒತ್ತರಿ, ತುದಿ ಒತ್ತಿದ್ರ ವಾರೆ ಇಳೀತದ, ಲೆಕ್ಕ ತಪ್ಪತದ.

ಇನ್ನ ನಿಮ್ಮ 3ನೇದು, ಕೀ ಮುಟ್ಟದೇನೇ ಗುರುತು ಬದಲಾಗೋದು. ಯಾವುದೋ ಒಂದು ಕೀ ಸೊನ್ನೆಗೆ ಬಂದು ನಿಲ್ಲವಲ್ದು, ಒಂದೆರಡು ಅಂಕಿ ಮ್ಯಾಲೆ ಕೆಳಗ ಆಡಲಿಕ್ಕತ್ತದ. ಆಟಕ್ಕ ಅದು ಯಾರೋ ಪ್ಯಾಡ್ ಮುಟ್ಯಾರ ಅಂತ ಕಾಣಸ್ತದ. ಮೇಲಿನ ಡೆಡ್‌ಝೋನ್ 0.1 ಇದ್ರ 0.3 ಮಾಡ್ರಿ, ಅದಕ್ಕೂ ನಿಲ್ಲಲಿಲ್ಲಂದ್ರ 0.4. ಆಟ ಆಡೋವಾಗ ಇಲಿ (ಮೌಸ್) ಮತ್ತ ಪ್ಯಾಡ್ ಎರಡೂ ಬಳಸ್ತೀರಿ, ಹಂಗಾಗಿ ಗುರುತು ಸ್ವಲ್ಪ ಬದಲಾಗೋದು ಇದ್ದೇ ಇರ್ತದ. ಕೈ ತಗದಾಗ ಮಾತ್ರ ಆಗಬಾರದು.

ಅದರ ಜೋಡಿ ಮೇಜಿನ ಮ್ಯಾಲೆ ಏನೇನದ ನೋಡ್ರಿ. ಹಿಂದ ಕಾಂತದ ಉಂಗುರ ಇರೋ ಫೋನು, ಸ್ಪೀಕರು, ಹೆಡ್‌ಫೋನು, ಕಾಂತದ ಮುಚ್ಚಳ ಇರೋ ಟ್ಯಾಬ್ಲೆಟ್ ಕವರು, ಇವೆಲ್ಲ ಹಾಲ್ ಸೆನ್ಸರಿಗೆ ಕೀ ಒತ್ತಿದಂಗ ಕಾಣ್ತಾವ. ತಂತ್ರಾಂಶದಾಗ ಕೀಗಳ ಆಳ ಜೀವಂತ ತೋರಿಸೋ ಪುಟ ತಗದು, ಒಂದೊಂದೇ ಸಾಮಾನು ದೂರ ಸರಸಿ ನೋಡ್ರಿ. ಬಲಗಡೆ ಅಂಚಿನ ಕೀ ಮಾತ್ರ ಆಡ್ತಿದ್ರ ಬಲಗಡೆ ಇಟ್ಟ ಫೋನೇ ಕಾರಣ.

ಬಿಸಿಲಿನ ಮಾತು ಯಾರೂ ಹೇಳಂಗಿಲ್ಲ, ನಾ ಹೇಳ್ತೀನಿ. ನಿಯೋಡಿಮಿಯಮ್ ಕಾಂತದ ಬಲ ಒಂದು ಡಿಗ್ರಿ ಏರಿದ್ರ ಸುಮಾರು 0.12% ಕಡಿಮಿ ಆಗ್ತದ, ತಣ್ಣಗಾದ್ರ ವಾಪಸ್ ಬರ್ತದ. ಎಸಿ ಹಚ್ಚಿ 24 ಡಿಗ್ರಿಯೊಳಗ ಕ್ಯಾಲಿಬ್ರೇಷನ್ ಮಾಡಿ, ಕಲಬುರಗಿ ಬ್ಯಾಸಗಿಯೊಳಗ ಎಸಿ ಇಲ್ಲದ 40 ಡಿಗ್ರಿ ಖೋಲಿಯೊಳಗ ಆಡಿದ್ರ 16 ಡಿಗ್ರಿ ಫರಕು, ಹತ್ತಿರ ಹತ್ತಿರ 2%. ಸೆನ್ಸರಿನೊಳಗ ಇದನ್ನ ತಿದ್ದೋ ವ್ಯವಸ್ಥಾ ಕೆಲವಕ್ಕ ಇರ್ತದ, ಎಲ್ಲಾದಕ್ಕೂ ಅಲ್ಲ. ಮ್ಯಾಲಿನ ತುದಿಯೊಳಗ ಸಿಗ್ನಲ್ಲೇ ಸಣ್ಣದು, ಅಲ್ಲೇನೂ ಆಗಂಗಿಲ್ಲ. ತಳದಾಗ ಮಾತ್ರ 100 ಬರಬೇಕಾದಲ್ಲಿ 98 ಬರ್ತದ. ಹಂಗಾಗಿ 100% ಅನ್ನೋದನ್ನ 4.0ಕ್ಕ ಇಡಬ್ಯಾಡ್ರಿ, ಮ್ಯಾಲಿನವರು ಹೇಳಿದ 3.6, 3.7 ಬರೋಬರಿ ಅದ.

ಸ್ಪ್ರಿಂಗ್ ಬದಲಿಸಿದ ಮ್ಯಾಲೂ ಕ್ಯಾಲಿಬ್ರೇಷನ್ ಮತ್ತ ಮಾಡ್ರಿ. ಪೂರ್ತಿ ಸ್ವಿಚ್ಚೇ ಬದಲಿಸೋರು ಹುಷಾರಿಂದ ಇರಬೇಕು: ಕಾಂತದ ಧ್ರುವದ ದಿಕ್ಕು, ಬಲ, ಕೂತ ಎತ್ತರ ಒಂದೊಂದು ಕಂಪನಿಗೆ ಒಂದೊಂದು ನಮೂನಿ. ಕಾಂತ ಹತ್ತಿರ ಬಂದಂಗ ಬಲ ಒಂದೇ ಸಮ ಏರಂಗಿಲ್ಲ, ತಳದ ಹತ್ತಿರ ಜೋರಾಗಿ ಏರ್ತದ. ಅದನ್ನ ನೆಟ್ಟಗ ಮಾಡೋ ಕೋಷ್ಟಕ ಆ ಒಂದು ಸ್ವಿಚ್ಚಿಗೇ ಬರೆದಿರ್ತದ. ತಂತ್ರಾಂಶದ ಪಟ್ಟಿಯೊಳಗ ನಿಮ್ಮ ಸ್ವಿಚ್ಚಿನ ಹೆಸರಿಲ್ಲಂದ್ರ 2 ಮಿ.ಮೀ. ಅಂತ ತೋರಿಸಿದ್ದು ಖರೇ 2 ಮಿ.ಮೀ. ಆಗಿರಂಗಿಲ್ಲ.


ಘಾಟಿರಸ್ತೆ:

ಇಬ್ಬರಿಗೂ ತುಂಬಾ ಧನ್ಯವಾದ. ನೋಟ್‌ಪ್ಯಾಡ್ ಪರೀಕ್ಷೆಯಲ್ಲಿ ಅಕ್ಷರ ಬೀಳುತ್ತಿತ್ತು, ಔಟ್‌ಪುಟ್ ನಿಲ್ಲಿಸಿದ ಮೇಲೆ ಟ್ರಕ್ ನಯವಾಗಿ ಹೊರಡುತ್ತಿದೆ. ರಿಂಗ್ ತೆಗೆದು ಕ್ಯಾಲಿಬ್ರೇಷನ್ ಮಾಡಿದೆ, ನಾಲ್ಕೂ 100% ಮುಟ್ಟುತ್ತವೆ. ಗುರುತು ಹಾರಾಡುವುದು 0.3ರಲ್ಲಿ ನಿಂತಿತು.

ಉಳಿದದ್ದು ಎರಡು. ಜಿಟಿಎಯಲ್ಲಿ ಕಾರು ಚೆನ್ನಾಗಿ ಓಡುತ್ತದೆ, ಆದರೆ ಇಳಿದು ನಡೆಯಲು ಡಬ್ಲ್ಯೂ ಒತ್ತಿದರೆ ಪಾತ್ರ ಗುಂಡು ಹಾರಿಸುತ್ತದೆ. ಟ್ರಕ್ಕಿನಲ್ಲಿ 80 ಕಿ.ಮೀ. ವೇಗದಲ್ಲಿ ಲೇನ್ ಬದಲಿಸುವಾಗ ಗಾಡಿ ಓಲಾಡುತ್ತದೆ.


ನಾಲ್ಕನೇ_ಗೇರು:

ಜಿಟಿಎ ವಿಷಯ ನೇರವಾಗಿದೆ. ಗೇಮ್‌ಪ್ಯಾಡ್‌ನಲ್ಲಿ ಬಲ ಟ್ರಿಗರ್ ಕಾರಿನೊಳಗೆ ಆಕ್ಸಿಲರೇಟರ್, ಕೆಳಗಿಳಿದರೆ ಬಂದೂಕಿನ ಕುದುರೆ. ಎಡ ಟ್ರಿಗರ್ ಕಾರಿನಲ್ಲಿ ಬ್ರೇಕ್, ನೆಲದ ಮೇಲೆ ಗುರಿ. ಹಾಗಾಗಿ ಒಂದೇ ಪ್ರೊಫೈಲ್‌ನಲ್ಲಿ ಎರಡೂ ಆಗುವುದಿಲ್ಲ. ಎರಡು ಪ್ರೊಫೈಲ್ ಮಾಡಿ: ಮೊದಲನೆಯದು ಪೂರ್ತಿ ಮಾಮೂಲಿ ಕೀಬೋರ್ಡ್, ಗೇಮ್‌ಪ್ಯಾಡ್ ಕೀ ಒಂದೂ ಇಲ್ಲ, ಎರಡನೆಯದು ಡ್ರೈವಿಂಗ್. ಎಫ್ ಒತ್ತಿ ಕಾರು ಹತ್ತುತ್ತೀರಿ, ಪಕ್ಕದಲ್ಲೇ ಪ್ರೊಫೈಲ್ ಬದಲಿಸುವ ಜೋಡಿ ಕೀ ಇಟ್ಟುಕೊಂಡರೆ ಕೈಗೆ ರೂಢಿಯಾಗುತ್ತದೆ. ಎಡಗೈ ಹೆಬ್ಬೆರಳಿಗೆ ಸಿಗುವ ಕೀ ಆದರೆ ಒಳ್ಳೆಯದು, ಬಲಗೈ ಇಲಿ ಬಿಡಬೇಕಾಗುವುದಿಲ್ಲ. ನಡೆಯುವುದೂ ಅನಲಾಗ್ ಬೇಕು ಎಂದರೆ ಮೊದಲನೆಯದರಲ್ಲಿ ನಾಲ್ಕೂ ಕೀಗಳನ್ನು ಎಡ ಸ್ಟಿಕ್‌ಗೆ ಕೊಡಿ, ಮೆಲ್ಲಗೆ ಒತ್ತಿದರೆ ಮೆಲ್ಲಗೆ ನಡೆಯುತ್ತದೆ. ಆಗ ಆಟ ನಿಮ್ಮನ್ನು ಪ್ಯಾಡ್ ಆಟಗಾರ ಎಂದುಕೊಂಡು ಗುರಿ ಹಿಡಿಯುವ ನೆರವನ್ನೂ ಕ್ಯಾಮೆರಾ ವರ್ತನೆಯನ್ನೂ ಬದಲಿಸಬಹುದು. ಇಲಿಯಲ್ಲಿ ಗುರಿ ಹಿಡಿಯುವವರಿಗೆ ಅದು ಕಿರಿಕಿರಿ. ಮಾಮೂಲಿ ಕೀಗಳಲ್ಲೇ ನಡೆಯಿರಿ.

ಟ್ರಕ್ ಓಲಾಡುವುದಕ್ಕೆ ಕಾರಣ ಕೀಯ ಪ್ರಯಾಣ ಚಿಕ್ಕದು ಎನ್ನುವುದು. ಸ್ಟೀರಿಂಗ್ ಚಕ್ರಕ್ಕೆ 900 ಡಿಗ್ರಿ ತಿರುಗುವ ಅವಕಾಶ ಇರುತ್ತದೆ, ನಿಮ್ಮ ಬೆರಳಿಗೆ ಬದಿಗೆ ಮೂರೂವರೆ ಮಿ.ಮೀ. ಹೆದ್ದಾರಿಯಲ್ಲಿ ಬೇಕಾಗುವುದು ಅದರಲ್ಲಿ ಮೊದಲ ಕೆಲವೇ ಶೇಕಡಾ. ಆಟದ ಕಂಟ್ರೋಲ್ ಪುಟದಲ್ಲಿ ಸ್ಟೀರಿಂಗ್ ಸೂಕ್ಷ್ಮತೆಯ ಪಟ್ಟಿಯನ್ನು ನಡುವಿಗಿಂತ ಕೆಳಗಿಳಿಸಿ, ನಾನ್-ಲೀನಿಯಾರಿಟಿ (ರೇಖೆ ಬಾಗಿಸುವ) ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಮೇಲೇರಿಸಿ. ಆದರೆ ಕೀಬೋರ್ಡ್‌ನಲ್ಲಿ ಬಾಗಿದ ರೇಖೆ ಈಗಾಗಲೇ ಇದೆ, ಆಟದಲ್ಲೂ ಹೆಚ್ಚಿಗೆ ಬಾಗಿಸಿದರೆ ಪಟ್ಟಣದ ತಿರುವಿನಲ್ಲಿ ಕೊನೆಯ ಅರ್ಧ ಮಿ.ಮೀ.ಯಲ್ಲಿ ಚಕ್ರ ಪೂರ್ತಿ ತಿರುಗಿಬಿಡುತ್ತದೆ. ಒಂದೇ ಕಡೆ ಬಾಗಿಸುವುದಾದರೆ ಕೀಬೋರ್ಡ್ ಕಡೆ ಇರಲಿ, ಅಲ್ಲಿ ಬಿಂದುಗಳು ಕಣ್ಣಿಗೆ ಕಾಣುತ್ತವೆ.

ಇನ್ನೊಂದು ಕೈಚಳಕ ಇದೆ, ಇದು ಬಹಳ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಕೀಬೋರ್ಡ್‌ಗಳು ಅಕ್ಷದ ಬೆಲೆಯನ್ನು ಡಿ ಆಳದಿಂದ ಎ ಆಳ ಕಳೆದು ಲೆಕ್ಕ ಹಾಕುತ್ತವೆ. ಎ ಮತ್ತು ಡಿ ಎರಡನ್ನೂ ಅರ್ಧದಷ್ಟು ಒತ್ತಿ ಹಿಡಿದರೆ ಫಲ ಸೊನ್ನೆ. ಈಗ ಬಲಕ್ಕೆ ಸ್ವಲ್ಪ ಹೋಗಲು ಡಿ ಒತ್ತುವ ಬದಲು ಎ ಮೇಲಿನ ಬೆರಳನ್ನು ಒಂಚೂರು ಸಡಿಲಿಸಿ. ಒತ್ತುವುದಕ್ಕಿಂತ ಸಡಿಲಿಸುವುದರಲ್ಲಿ ಬೆರಳಿಗೆ ಹೆಚ್ಚು ನಯ ಇರುತ್ತದೆ, ಲೇನ್ ಬದಲಾವಣೆ ಎಣ್ಣೆ ಹಚ್ಚಿದ ಹಾಗೆ ಆಗುತ್ತದೆ. ಕೆಲವು ಕೀಬೋರ್ಡ್‌ಗಳು ಕಳೆಯುವ ಬದಲು ಹೆಚ್ಚು ಆಳ ಇರುವುದನ್ನಷ್ಟೇ ಆರಿಸುತ್ತವೆ. ಅವುಗಳಲ್ಲಿ ಇದು ನಡೆಯುವುದಿಲ್ಲ. ಪರೀಕ್ಷಾ ಪುಟದಲ್ಲಿ ಎರಡೂ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಅಂಗೈ ಬುಡ ಮೇಜಿನ ಮೇಲೋ ಮಣಿಕಟ್ಟಿನ ದಿಂಬಿನ ಮೇಲೋ ಊರಿರಲಿ. ಕೈ ಗಾಳಿಯಲ್ಲಿದ್ದರೆ ತೋಳಿನ ಭಾರವೂ ಕೀ ಮೇಲೆ ಬೀಳುತ್ತದೆ.

ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸ್ ಆಟ ಆಡುವವರಿಗೆ ಒಂದು ಮಾತು: ಅಲ್ಲಿ ಇನ್‌ಪುಟ್ ವಿಧಾನ ಗೇಮ್‌ಪ್ಯಾಡ್ ಎಂದು ಇಡಿ. ಸ್ಟೀರ್ ಗಾಮಾ (ರೇಖೆಯ ಬಾಗು), ಫಿಲ್ಟರ್, ಸ್ಪೀಡ್ ಸೆನ್ಸಿಟಿವಿಟಿ ಮೂರೂ ಸಿಗುತ್ತವೆ. ವೇಗ ಹೆಚ್ಚಿದಂತೆ ಸ್ಟೀರಿಂಗ್ ತಗ್ಗಿಸುವುದು ಸ್ಪೀಡ್ ಸೆನ್ಸಿಟಿವಿಟಿ, ಅನಲಾಗ್ ಕೀಗೆ ಅದೇ ಜೀವಾಳ. ಗಾಮಾ ಹೆಚ್ಚಿಸುವುದಾದರೆ ಕೀಬೋರ್ಡ್ ರೇಖೆಯನ್ನು ನೇರ ಮಾಡಿಕೊಳ್ಳಿ.

ಮತ್ತೆ, ಬೇರೆ ಪ್ಯಾಡ್ ಕೂಡ ಸಿಕ್ಕಿಸಿದ್ದರೆ ತೆಗೆಯಿರಿ. ಎಕ್ಸ್‌ಇನ್‌ಪುಟ್‌ಗೆ ನಾಲ್ಕೇ ಜಾಗ. ಪ್ಯಾಡ್ ಮೊದಲ ಜಾಗ ಹಿಡಿದರೆ ಕೀಬೋರ್ಡ್ ಎರಡನೇ ಆಟಗಾರ ಆಗುತ್ತದೆ, ಒಂದೇ ಪ್ಯಾಡ್ ಓದುವ ಆಟ ಅದನ್ನು ನೋಡುವುದೇ ಇಲ್ಲ.


ಎರಡುಹೆಜ್ಜೆ:

ಕೌಂಟರ್ ಸ್ಟ್ರೈಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆ ಪ್ರೊಫೈಲ್‌ನಲ್ಲಿ ಗೇಮ್‌ಪ್ಯಾಡ್ ಪೂರ್ತಿ ಆಫ್ ಇರಲಿ. ಅಲ್ಲಿ ನಿಮಗೆ ಅನಲಾಗ್ ಸೆನ್ಸರ್‌ನಿಂದ ಸಿಗೋ ಲಾಭ ರ‍್ಯಾಪಿಡ್ ಟ್ರಿಗರ್ ಒಂದೇ. ವ್ಯಾಲರಂಟ್‌ಗೂ ಇದೇ ಮಾತು, ಪಿಸಿಯಲ್ಲಿ ಅದು ಗೇಮ್‌ಪ್ಯಾಡ್ ಓದೋದೇ ಇಲ್ಲ.

ಮಾಮೂಲಿ ಮೆಕ್ಯಾನಿಕಲ್ ಕೀ ಒಂದು ನಿಗದಿತ ಎತ್ತರ ದಾಟಿ ಮೇಲೆ ಬಂದರೆ ಮಾತ್ರ ಬಿಟ್ಟಂತೆ ಲೆಕ್ಕ. ತಳದ ತನಕ ಒತ್ತಿದ್ದರೆ ಸುಮಾರು 2 ಮಿ.ಮೀ. ಬೆರಳು ಎತ್ತಬೇಕು. ರ‍್ಯಾಪಿಡ್ ಟ್ರಿಗರ್‌ನಲ್ಲಿ ನಿಗದಿತ ಎತ್ತರ ಇಲ್ಲ. ಇಳಿಯೋದು ನಿಂತು 0.2 ಮಿ.ಮೀ. ಮೇಲೆ ಬಂದ ತಕ್ಷಣ ಬಿಟ್ಟಂತೆ. ಈ ಆಟದಲ್ಲಿ ಗುಂಡು ನೇರ ಹೋಗಬೇಕಾದ್ರೆ ನಿಮ್ಮ ವೇಗ ಆಯುಧದ ಗರಿಷ್ಠ ವೇಗದ ಸುಮಾರು 34% ಕೆಳಗೆ ಇಳಿದಿರಬೇಕು. ಎ ಬಿಟ್ಟು ಡಿ ಚೂರು ತಟ್ಟಿ ನಿಲ್ಲೋದು ಅದಕ್ಕೇ. ಎ ಬೇಗ ಬಿಟ್ಟಂತೆ ಲೆಕ್ಕ ಆದಷ್ಟೂ ಬೇಗ ನಿಲ್ಲುತ್ತೀರಿ.

ಅಂಕಿ: ಮೊದಲ ಸ್ಪರ್ಶ (ಒತ್ತಿದಂತೆ ಲೆಕ್ಕ ಆಗೋ ಆಳ) 0.8 ಮಿ.ಮೀ., ರ‍್ಯಾಪಿಡ್ ಟ್ರಿಗರ್ ಒತ್ತಲು 0.2, ಬಿಡಲು 0.2. ಎಲ್ಲದಕ್ಕೂ 0.1 ಇಟ್ಟರೆ ಚೆನ್ನ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ತಪ್ಪು. ಕೀ ಹಿಡಿದಾಗ ಬೆರಳು ನಡುಗೋದೇ 0.1 ಹತ್ತಿರ ಇರುತ್ತೆ, ಓಡ್ತಾ ಇರೋವಾಗ ಹೆಜ್ಜೆ ತುಂಡಾಗುತ್ತೆ. ಹಾಗಾದರೆ 0.3 ಮಾಡಿ. ದಪ್ಪ ಭಾರದ ಕೀಕ್ಯಾಪ್ ಹಾಕಿದವರಿಗೆ ಇದು ಹೆಚ್ಚು. ರ‍್ಯಾಪಿಡ್ ಟ್ರಿಗರ್ ನಾಲ್ಕು ನಡೆಯೋ ಕೀಗೆ ಸಾಕು. ಬಾಂಬ್ ಬಿಚ್ಚೋ ಇ ಕೀಗೆ ಹಾಕಲೇಬೇಡಿ, ಬೆರಳು ಚೂರು ಸಡಿಲಾದ್ರೆ ಬಿಚ್ಚೋದು ನಿಂತು ಮೊದಲಿಂದ ಶುರು.

ಅದಕ್ಕಿಂತ ಮುಖ್ಯ: ಎ ಮತ್ತು ಡಿ ಒಟ್ಟಿಗೆ ಒತ್ತಿದಾಗ ಕೊನೆಯದನ್ನಷ್ಟೇ ಉಳಿಸಿ ಇನ್ನೊಂದನ್ನ ತಾನೇ ಬಿಡೋ ಸೌಲಭ್ಯ. ಕೀಬೋರ್ಡ್ ಕಂಪನಿಗಳಲ್ಲಿ ರೇಝರ್ ಇದನ್ನ ಸ್ನ್ಯಾಪ್ ಟ್ಯಾಪ್ ಅನ್ನುತ್ತೆ, ವೂಟಿಂಗ್ ಸ್ನ್ಯಾಪಿ ಟ್ಯಾಪಿ ಅನ್ನುತ್ತೆ, ಬೇರೆಯವರು ಎಸ್‌ಒಸಿಡಿ ಅಂತಾರೆ. ಕೌಂಟರ್ ಸ್ಟ್ರೈಕ್ 2ಕ್ಕೆ ಇದು ಆಫ್ ಇರಲೇಬೇಕು. 2024ರ ಆಗಸ್ಟ್ 19ರಂದು ಆಟದ ಕಂಪನಿ ವಾಲ್ವ್ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಇಂಥ ಯಾಂತ್ರಿಕ ನೆರವನ್ನ ಗುರುತಿಸಿ ಪಂದ್ಯದಿಂದ ಹೊರಹಾಕ್ತೀವಿ ಅಂತ ಪ್ರಕಟಿಸಿತು. ರ‍್ಯಾಪಿಡ್ ಟ್ರಿಗರ್‌ಗೆ ಆ ನಿಷೇಧ ಇಲ್ಲ, ಅಲ್ಲಿ ಬಿಡೋದೂ ಒತ್ತೋದೂ ನಿಮ್ಮ ಬೆರಳೇ. ಕೆಲವು ಕೀಬೋರ್ಡ್‌ನಲ್ಲಿ ಫ್ಯಾಕ್ಟರಿ ಗೇಮಿಂಗ್ ಪ್ರೊಫೈಲ್‌ನಲ್ಲೇ ಸ್ನ್ಯಾಪ್ ಟ್ಯಾಪ್ ಆನ್ ಇರಬಹುದು, ಇಲ್ಲವೇ ಎಫ್‌ಎನ್ ಜೊತೆ ಒಂದು ಕೀ ತಗುಲಿ ಆನ್ ಆಗಿರಬಹುದು. ಆಟ ತೆರೆಯೋ ಮೊದಲು ನೋಡಿ.

ಕನ್ನಡ ಟೈಪ್ ಮಾಡೋರು ಮೂರನೇ ಪ್ರೊಫೈಲ್ ಇಟ್ಕೊಳ್ಳಿ: ಸ್ಪರ್ಶ 1.8ರಿಂದ 2.0, ರ‍್ಯಾಪಿಡ್ ಟ್ರಿಗರ್ ಆಫ್. ನುಡಿ ವಿನ್ಯಾಸದಲ್ಲಿ ಎಫ್ ಕೀ ಒತ್ತಕ್ಷರ ಕೊಡುತ್ತೆ, ಎಡ ತೋರುಬೆರಳು ಸದಾ ಅದರ ಮೇಲೇ ಕೂತಿರುತ್ತೆ. 0.2ರಲ್ಲಿ ಬಿಟ್ಟರೆ ಬೆರಳಿನ ಭಾರಕ್ಕೇ ಅದು ಬೀಳುತ್ತೆ, ಕರ ಅಂತ ಹೊಡೆದರೆ ಕ್ರ ಅಂತ ಬಂದು ಕೂರುತ್ತೆ.


ಪೆಂಗ್ವಿನ್_ಮನೆ:

ಲಿನಕ್ಸ್‌ನವರಿಗಾಗಿ ಚಿಕ್ಕದಾಗಿ. ಕೀಬೋರ್ಡ್ ಎಕ್ಸ್‌ಬಾಕ್ಸ್ 360 ಪ್ಯಾಡ್ ಎಂದು ತೋರಿಸಿಕೊಂಡರೆ ಕರ್ನಲ್‌ನ ಎಕ್ಸ್‌ಪ್ಯಾಡ್ ಡ್ರೈವರ್ ಅದನ್ನು ಎತ್ತಿಕೊಳ್ಳುತ್ತದೆ; ವೂಟಿಂಗ್ ಕೀಬೋರ್ಡ್‌ಗಳ ಗುರುತು ಸಂಖ್ಯೆ ಅದರಲ್ಲೇ ಸೇರಿದೆ. ಟ್ರಿಗರ್‌ಗಳು ಬೇರೆ ಬೇರೆ ಅಕ್ಷವಾಗಿಯೇ ಬರುತ್ತವೆ. ತೊಡಕು ಬರುವುದು ಸೆಟ್ಟಿಂಗ್ ಪುಟದಲ್ಲಿ: ಬ್ರೌಸರ್‌ನಲ್ಲಿ ತೆರೆಯುವ ತಂತ್ರಾಂಶಕ್ಕೆ ವೆಬ್‌ಹೆಚ್‌ಐಡಿ (ಬ್ರೌಸರ್ ನೇರ ಕೀಬೋರ್ಡ್ ಜೊತೆ ಮಾತಾಡುವ ಸೌಲಭ್ಯ) ಬೇಕು, ಅದು ಕ್ರೋಮಿಯಂ ಜಾತಿಯ ಬ್ರೌಸರ್‌ಗಳಲ್ಲಿದೆ, ಫೈರ್‌ಫಾಕ್ಸ್‌ನಲ್ಲಿ ನಡೆಯುವುದಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕಂಡರೂ ತೆರೆಯದಿದ್ದರೆ ಹೆಚ್‌ಐಡಿರಾ (hidraw, ಕೀಬೋರ್ಡ್ ತಲುಪುವ) ಕಡತಕ್ಕೆ ನಿಮ್ಮ ಬಳಕೆದಾರನಿಗೆ ಅನುಮತಿ ಇಲ್ಲ ಎಂದರ್ಥ. ಆ ಅನುಮತಿ ಕೊಡುವ ಯುಡೆವ್ (udev) ನಿಯಮ ಸೇರಿಸಿ, ನಿಯಮಗಳನ್ನು ಮತ್ತೆ ಓದಿಸಿ, ಕೇಬಲ್ ಕಿತ್ತು ಸಿಕ್ಕಿಸಿ. ಬ್ರೌಸರ್ ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ (ಬೇಲಿಯೊಳಗೆ ಓಡುವ ಪ್ಯಾಕೇಜ್) ರೂಪದ್ದಾದರೆ ಅದರ ಗೋಡೆಯೂ ಅಡ್ಡ ಬರುತ್ತದೆ.


ಹೊಸ_ಕೀಲಿ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಆನ್‌ಲೈನ್‌ನಲ್ಲಿ ಮ್ಯಾಗ್ನೆಟಿಕ್ ಸ್ವಿಚ್ ಅಂತ ಕಡಿಮೆ ಬೆಲೆಗೆ ಎಷ್ಟೊಂದು ಕೀಬೋರ್ಡ್ ಇವೆಯಲ್ಲ, ಎಲ್ಲದರಲ್ಲೂ ಈ ಟ್ರಕ್ ಓಡಿಸುವ ಕೆಲಸ ಆಗುತ್ತದೆಯೇ?


ಸ್ಪ್ರಿಂಗ್_ಲೆಕ್ಕ:

ಇಲ್ಲ. ಮ್ಯಾಗ್ನೆಟಿಕ್ ಅಂದ್ರೆ ಒಳಗೆ ಆಳ ಅಳೆಯೋ ಸೆನ್ಸರ್ ಇದೆ ಅಂತ ಮಾತ್ರ. ಆ ಆಳವನ್ನ ಗೇಮ್‌ಪ್ಯಾಡ್ ಅಕ್ಷವಾಗಿ ಕಂಪ್ಯೂಟರ್‌ಗೆ ಕಳಿಸೋದು ಫರ್ಮ್‌ವೇರ್ ಕೆಲಸ, ತುಂಬಾ ಕೀಬೋರ್ಡ್‌ಗಳು ಅದನ್ನ ಮಾಡಲ್ಲ. 2019ರಲ್ಲಿ ಬಂದ ಸ್ಟೀಲ್‌ಸೀರೀಸ್ ಅಪೆಕ್ಸ್ ಪ್ರೊ ನೋಡಿ, ಸ್ಪರ್ಶದ ಆಳ ಬದಲಿಸಬಹುದಿತ್ತು, ಅನಲಾಗ್ ಔಟ್‌ಪುಟ್ ಇರಲಿಲ್ಲ. ವೂಟಿಂಗ್‌ನವರು 2016ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೂಡಿಸಿ ತಂದ ಮೊದಲ ಕೀಬೋರ್ಡ್‌ನ ಉದ್ದೇಶವೇ ಅದಾಗಿತ್ತು. ಆಗ ಸ್ವಿಚ್ ಕಾಂತದ್ದಲ್ಲ, ಬೆಳಕಿನದ್ದು.

ಕೊಳ್ಳೋ ಮೊದಲು ಕೈಪಿಡಿ ಡೌನ್‌ಲೋಡ್ ಮಾಡಿ ಗೇಮ್‌ಪ್ಯಾಡ್ ಅಥವಾ ಅನಲಾಗ್ ಮೋಡ್ ಅನ್ನೋ ಪುಟ ಇದೆಯಾ ನೋಡಿ. ಜಾಹೀರಾತಿನ ಚಿತ್ರ ನಂಬಬೇಡಿ. ಪುಟ ಇದ್ದರೆ ಇನ್ನೆರಡು ನೋಡಿ: ವಕ್ರರೇಖೆಯ ಬಿಂದುಗಳನ್ನ ನಾವೇ ಸರಿಸಬಹುದಾ, ಗೇಮ್‌ಪ್ಯಾಡ್‌ಗೆ ಕೊಟ್ಟ ಕೀಯ ಅಕ್ಷರ ನಿಲ್ಲಿಸಬಹುದಾ. ಪ್ಯಾಡ್ ಕೀಬೋರ್ಡಿನೊಳಗಿಂದಲೇ ಬರುತ್ತಾ, ಇಲ್ಲಾ ಕಂಪ್ಯೂಟರ್‌ನಲ್ಲಿ ಸದಾ ಓಡೋ ತಂತ್ರಾಂಶ ಬೇಕಾ ಅನ್ನೋದನ್ನೂ ವಿಚಾರಿಸಿ. ತಂತ್ರಾಂಶದಿಂದ ಹುಟ್ಟಿಸೋ ಪ್ಯಾಡ್‌ಗಳು ಬಹಳಷ್ಟು ವಿಜೆಮ್‌ಬಸ್ ಡ್ರೈವರ್ ಮೇಲೆ ನಿಂತಿವೆ, ಅದರ ಅಭಿವೃದ್ಧಿ 2023ರಲ್ಲೇ ನಿಂತುಹೋಗಿದೆ. ಸೆಕೆಂಡಿಗೆ 8000 ಸಲ ಓದುತ್ತೆ ಅನ್ನೋದಕ್ಕೆ ಹೆಚ್ಚು ದುಡ್ಡು ಕೊಡಬೇಡಿ, ಟ್ರಕ್ ಓಡಿಸೋಕೆ 1000 ಧಾರಾಳ.

ಬೆಳಕಿನ ಸ್ವಿಚ್ ಇರೋ ಹಳೇ ಅನಲಾಗ್ ಕೀಬೋರ್ಡ್ ಯಾರಾದರೂ ಕೊಡ್ತೀನಿ ಅಂದ್ರೆ ಸ್ವಿಚ್ ಬಿಚ್ಚಿ ಒಳಗೆ ನೋಡಿ. ಧೂಳು, ಕೂದಲು, ಬೆಳಕಿನ ದಾರಿಗೆ ತಗುಲಿದ ಗ್ರೀಸ್ ಇದ್ದರೆ ಆಳದ ಲೆಕ್ಕ ತಪ್ಪುತ್ತೆ. ಒಣ ಕುಂಚದಿಂದ ಒರೆಸಿ ಕ್ಯಾಲಿಬ್ರೇಷನ್ ಮಾಡಿಸಿ, ಪರೀಕ್ಷಾ ಪುಟದಲ್ಲಿ ನಾಲ್ಕೂ ಕೀ 0ಯಿಂದ 100ರ ತನಕ ಜಿಗಿಯದೆ ಏರಿದರೆ ಮಾತ್ರ ತಗೊಳ್ಳಿ.